ಕ್ವಾರ್ಟರ್‌ಬ್ಯಾಕ್ ವರ್ಗಾವಣೆ ಮತ್ತು ನನ್ನ ಕೋಟು

ನನಗೆ ಅರ್ಥವಾಗದ ವಿಷಯಗಳ ಬಗ್ಗೆ ಸ್ಪಷ್ಟವಾಗಿ ಬರೆಯುವುದು ಹದಿನಾಲ್ಕು ವರ್ಷ ನನ್ನ ಹೊಟ್ಟೆಪಾಡಾಗಿತ್ತು. ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ನಾನು ಬಡ್ಡಿ ದರ ಏರಿಸಿದ್ದೇನೆ, ಇಳಿಸಿದ್ದೇನೆ, ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದ್ದೇನೆ, ಜಲಾಶಯದ ಒಳಹರಿವು ಎಷ್ಟು ಕ್ಯೂಸೆಕ್ ಎಂದು ದಿನವೂ ತಪ್ಪದೆ ಬರೆದಿದ್ದೇನೆ. ಕ್ಯೂಸೆಕ್ ಎಂದರೆ ಏನು ಎಂದು ಒಬ್ಬ ಓದುಗರು ಫೋನ್ ಮಾಡಿ ಕೇಳಿದಾಗ, ಸಂಪಾದಕರು ಸಭೆಯಲ್ಲಿದ್ದಾರೆ ಎಂದು ಹೇಳಿ ಇಟ್ಟುಬಿಟ್ಟೆ. ಆದರೂ ನಾನು ತಿದ್ದಿದ ಪ್ರತಿಯತ್ತ ಯಾರೂ ಬೆರಳು ತೋರಿಸಿದ್ದಿಲ್ಲ. ಹೆಸರು, ವಯಸ್ಸು, ಊರು, ಅಂಕಿ ಈ ನಾಲ್ಕು ಸರಿಯಿದ್ದರೆ ಉಳಿದದ್ದು ಹೇಗೋ ಸರಿಹೋಗುತ್ತದೆ. ಎರಡು ಕಡೆ ವಿಚಾರಿಸದೆ ಯಾವುದನ್ನೂ ಅಚ್ಚಿಗೆ ಕಳಿಸಬಾರದು. ಈ ಎರಡು ನಿಯಮಗಳ ಮೇಲೆ ನನ್ನ ವೃತ್ತಿ ನಿಂತಿತ್ತು. ಈಗ ಹೇಳಹೊರಟಿರುವ ಪ್ರಕರಣದಲ್ಲೂ ನಾನು ಎರಡು ಕಡೆ ವಿಚಾರಿಸಿದ್ದೆ. ನಾಲ್ಕೂ ಸರಿಯಾಗಿಯೇ ಇದ್ದವು. ಆದರೂ ಡಿಸೆಂಬರ್ ತಿಂಗಳಲ್ಲಿ ಐರ್ಲೆಂಡಿನ ಸಮುದ್ರದೊಳಗೆ ಕುತ್ತಿಗೆಯವರೆಗೆ ನಿಲ್ಲಬೇಕಾಯಿತು. ಹೇಗೆ ಎಂಬುದು ನನಗೆ ಇವತ್ತಿಗೂ ಪೂರ್ತಿ ಸ್ಪಷ್ಟವಾಗಿಲ್ಲ. ಹಾಗಾಗಿ ಸ್ಪಷ್ಟವಾಗಿಯೇ ಬರೆಯುತ್ತೇನೆ.

ನಾವು ಡಬ್ಲಿನ್‌ಗೆ ಬಂದದ್ದು ನನ್ನ ಹೆಂಡತಿ ಸುಮನಾಳ ಕೆಲಸದಿಂದಾಗಿ. ಅವಳು ಒಂದು ಕಂಪನಿಯ ಬಜೆಟ್ ನೋಡಿಕೊಳ್ಳುತ್ತಾಳೆ. ನನಗೆ ಸ್ಯಾಂಡಿಫರ್ಡ್‌ನ ಒಂದು ಕಚೇರಿಯಲ್ಲಿ, ಫೋನುಗಳಲ್ಲಿ ಕಾಣಿಸಿಕೊಳ್ಳುವ ಕನ್ನಡ ವಾಕ್ಯಗಳನ್ನು ತಿದ್ದುವ ಕೆಲಸ ಸಿಕ್ಕಿತು. ನಿಮ್ಮ ಫೋನು ಏನನ್ನೋ ಮಾಡಲಾಗದೆ ‘ದಯವಿಟ್ಟು ಮತ್ತೆ ಪ್ರಯತ್ನಿಸಿ’ ಎಂದರೆ, ಆ ‘ದಯವಿಟ್ಟು’ ನನ್ನದು ಆಗಿರುವ ಸಾಧ್ಯತೆ ಇದೆ. ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಎಲ್ಲರೂ ಫುಟ್‌ಬಾಲ್ ಮಾತನಾಡುತ್ತಾರೆ. ಯಾವ ಫುಟ್‌ಬಾಲ್ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಕಾಲಿನಲ್ಲಿ ಆಡುವುದು ಒಂದು. ಕೈ ಕಾಲು ಎರಡರಲ್ಲೂ ಆಡುವ ಐರಿಷರ ಸ್ವಂತದ್ದು ಇನ್ನೊಂದು. ಮೊಟ್ಟೆಯಾಕಾರದ ಚೆಂಡು ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ರಗ್ಬಿ ಮೂರನೆಯದು. ನಾಲ್ಕನೆಯದು ಅಮೆರಿಕದ್ದು. ಅದರಲ್ಲಿ ಹೆಲ್ಮೆಟ್ ಹಾಕಿಕೊಂಡು ಬೀಳುತ್ತಾರೆ. ಚೆಂಡಿಗೆ ಕಾಲು ತಗಲುವುದು ಅಪರೂಪ. ನಮ್ಮ ಕಚೇರಿಯ ಸೋಮವಾರಗಳು ಹೆಚ್ಚಾಗಿ ಈ ನಾಲ್ಕನೆಯದರವು.

ನನ್ನನ್ನು ಇದರೊಳಗೆ ಎಳೆದವನು ಪ್ರದೀಪ. ಬೆಂಗಳೂರಿನ ವಿಜಯನಗರದವನು, ನನಗಿಂತ ಹದಿನೈದು ವರ್ಷ ಚಿಕ್ಕವನು, ನಮ್ಮ ಮಹಡಿಯಲ್ಲೇ ಟೆಸ್ಟಿಂಗ್ ಕೆಲಸದಲ್ಲಿದ್ದಾನೆ. ಒಂದು ದಿನ ಕ್ಯಾಂಟೀನಿನಲ್ಲಿ ಎದುರು ಬಂದು ಕುಳಿತ. “ಸಾರ್, ಲೀಗಲ್ಲಿ ಒಬ್ರು ಕಮ್ಮಿ ಇದಾರೆ, ಸೇರ್ಕೊಳ್ಳಿ,” ಎಂದ. ನನಗೆ ಆ ಆಟದ ಗಂಧಗಾಳಿ ಗೊತ್ತಿಲ್ಲ ಎಂದೆ. “ಗೊತ್ತಿಲ್ದೇ ಇರೋರೇ ಬೇಕು ಸಾರ್ ನಮಗೆ. ಎಲ್ಲರಿಗೂ ಗೊತ್ತಿದ್ರೆ ಸೋಲೋರು ಯಾರು?”

ಲೀಗ್ ಎಂದರೆ ಕಂಪ್ಯೂಟರಿನಲ್ಲಿ ನಡೆಯುವ ಲೀಗ್. ಹತ್ತು ಜನ, ಹತ್ತು ತಂಡ. ಪ್ರತಿಯೊಬ್ಬರಿಗೂ ವರ್ಷಕ್ಕೆ ನೂರು ನಾಣ್ಯ, ನಿಜವಾದವಲ್ಲ. ಅಮೆರಿಕದಲ್ಲಿ ನಿಜವಾಗಿ ಆಡುವ ಆಟಗಾರರನ್ನು ಆ ನಾಣ್ಯಗಳಲ್ಲಿ ನಮ್ಮ ತಂಡಕ್ಕೆ ಕೊಳ್ಳಬೇಕು. ಭಾನುವಾರ ಅವರು ಅಲ್ಲಿ ಚೆನ್ನಾಗಿ ಆಡಿದರೆ ಸೋಮವಾರ ಇಲ್ಲಿ ನಮಗೆ ಅಂಕ. ಯಾವ ಕಾರಣಕ್ಕೂ ಖರ್ಚು ನೂರು ದಾಟಬಾರದು. ಇದಕ್ಕೆ ಸಂಬಳದ ಮಿತಿ ಎಂದು ಹೆಸರು. ಗೆದ್ದವರಿಗೆ ಒಂದು ಪ್ಲಾಸ್ಟಿಕ್ ಕಪ್. ಕೊನೆಯ ಸ್ಥಾನಕ್ಕೆ ಬಂದವರು ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಡನ್ ಲೀರಿಯ ಕಡಲಿಗೆ ಇಳಿದು ಕುತ್ತಿಗೆಯವರೆಗೆ ಮುಳುಗಬೇಕು. ನಾನು ಏಪ್ರಿಲ್ ತಿಂಗಳ ಮೈಸೂರಿನಲ್ಲೂ ಬಿಸಿನೀರಿನಲ್ಲೇ ಸ್ನಾನ ಮಾಡುತ್ತಿದ್ದವನು. ಈ ಷರತ್ತನ್ನು ನನಗೆ ಹೇಳಿದ್ದು ಸೇರಿದ ಮೇಲೆ.

ಲೀಗಿನ ಯಜಮಾನ ಡೆಕ್ಲನ್ ಎಂಬ ಸಮಾಧಾನದ ಮನುಷ್ಯ. ನಾನು ಪತ್ರಿಕೆಯವನು ಎಂದು ತಿಳಿದ ಕೂಡಲೇ ವಾರದ ವರದಿ ಬರೆಯುವ ಹೊಣೆಯನ್ನು ನನಗೆ ಹೊರಿಸಿದ. ಜೊತೆಗೆ ಒಂಬತ್ತು ಪುಟಗಳ ನಿಯಮಾವಳಿಯನ್ನೂ ಕೊಟ್ಟು ಭಾಷೆ ತಿದ್ದಿಕೊಡುವಂತೆ ಕೇಳಿದ. ಉದ್ದದ ವಾಕ್ಯಗಳನ್ನು ಕತ್ತರಿಸಿದೆ, ಅಲ್ಪವಿರಾಮಗಳನ್ನು ಕೂರಿಸಿದೆ, ಪುನರುಕ್ತಿಗಳನ್ನು ತೆಗೆದೆ. ಒಂಬತ್ತು ಪುಟ ಆರಾಯಿತು. ಇಷ್ಟು ಸ್ಪಷ್ಟವಾದ ನಿಯಮಾವಳಿಯನ್ನು ತಾನು ನೋಡಿಲ್ಲ ಎಂದು ಡೆಕ್ಲನ್ ಎಲ್ಲರ ಮುಂದೆ ಹೇಳಿದ. ನಾನು ಅದನ್ನು ಓದಿರಲಿಲ್ಲ, ತಿದ್ದಿದ್ದೆ. ಡೆಸ್ಕಿನಲ್ಲಿ ಇವೆರಡೂ ಬೇರೆ ಬೇರೆ ಕೆಲಸ.

ಮೊದಲ ವರ್ಷದ ಹರಾಜಿನಲ್ಲಿ ನಾನು ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಕೊಂಡೆ. ಕ್ವಾರ್ಟರ್‌ಬ್ಯಾಕ್ ಎಂದರೆ ಪ್ರತಿ ಸಲವೂ ಚೆಂಡು ಮೊದಲು ಯಾರ ಕೈಗೆ ಬರುತ್ತದೋ ಅವನು. ಯಾರಿಗೆ ಎಸೆಯಬೇಕೆಂದು ನಿರ್ಧರಿಸುವವನೂ ಅವನೇ. ತಂಡ ನಿಂತಿರುವುದೇ ಅವನ ಮೇಲೆ. ನಾನು ಆರಿಸಿದವನು ದೊಡ್ಡ ಹೆಸರಿನವನು ಎಂದು ಆಮೇಲೆ ತಿಳಿಯಿತು. ನಾನು ಆರಿಸಿದ್ದು ಅವನದು ಚಿಕ್ಕ ಹೆಸರು ಎಂದು. ಒಂದು ಕಾಲಂ ಶೀರ್ಷಿಕೆಯಲ್ಲಿ ಸಲೀಸಾಗಿ ಕೂರುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಅವನು ಈಗಾಗಲೇ ಸಾಕಷ್ಟು ಬೇಸರಪಟ್ಟಿದ್ದಾನೆ. ಸೇರ್ಪಡೆಯ ಬೋನಸ್ ಎಂದು ಮೊದಲ ದಿನವೇ ಅವನಿಗೆ ಅರವತ್ತು ನಾಣ್ಯ ಕೊಟ್ಟು, ಪುಸ್ತಕದಲ್ಲಿ ಐದು ವರ್ಷಕ್ಕೆ ಹನ್ನೆರಡರಂತೆ ಬರೆದುಕೊಳ್ಳುವ ಅನುಕೂಲವಿತ್ತು. ಮೇಲೆ ವರ್ಷಕ್ಕೆ ಎಂಟು ಸಂಬಳ. ಪ್ರದೀಪ ಹಾಗೆ ಮಾಡಿ ಎಂದ, ಮಾಡಿದೆ. ಆ ವರ್ಷ ನಾನು ಏಳನೆಯವನಾದೆ. ಏನೂ ಮಾಡದೆ ಸುಮ್ಮನಿದ್ದುದೇ ಅದಕ್ಕೆ ಕಾರಣ ಎಂದು ಈಗ ಅನ್ನಿಸುತ್ತದೆ.

ಎರಡನೆಯ ವರ್ಷದ ಅಕ್ಟೋಬರ್‌ನಲ್ಲಿ ನನ್ನ ಕ್ವಾರ್ಟರ್‌ಬ್ಯಾಕ್ ಮುನಿಸಿಕೊಂಡ. ಅಮೆರಿಕದಲ್ಲಿ, ಅವನ ನಿಜವಾದ ತಂಡದಲ್ಲಿ. ತಾನು ಎಸೆದದ್ದನ್ನು ಯಾರೂ ಹಿಡಿಯುವುದಿಲ್ಲ, ಕೋಚ್ ತನ್ನ ಮಾತು ಕೇಳುವುದಿಲ್ಲ, ತನ್ನನ್ನು ಬೇರೆ ಕಡೆ ಕಳಿಸಿ ಎಂದ. ಬೆಂಚಿನ ತುದಿಯಲ್ಲಿ ತಲೆಗೆ ಟವೆಲ್ ಹೊದ್ದು ಒಬ್ಬನೇ ಕುಳಿತ ಅವನ ಫೋಟೊ ಫೋನಿನಲ್ಲಿ ಬಂತು. ಆ ಭಂಗಿಯನ್ನು ನಾನು ಚೆನ್ನಾಗಿ ಬಲ್ಲೆ. ನಮ್ಮ ಪತ್ರಿಕೆಯಲ್ಲಿ ಒಬ್ಬ ಹೆಸರಾಂತ ಕ್ರೈಂ ವರದಿಗಾರರಿದ್ದರು. ಒಂದು ಸಲ ಅವರ ಬೈಲೈನ್, ಅಂದರೆ ವರದಿಯ ಮೇಲೆ ಹಾಕುವ ಹೆಸರು, ಬಿಟ್ಟುಹೋಯಿತು ಎಂದು ಹದಿನೈದು ದಿನ ಕಿಟಕಿಗೆ ಮುಖ ಮಾಡಿ ಕುಳಿತರು. ಸಂಪಾದಕರು ಅವರನ್ನು ಹಾಸನದ ಆವೃತ್ತಿಗೆ ವರ್ಗ ಮಾಡಿದರು. ವಾರದಲ್ಲಿ ಮನುಷ್ಯ ಗೆಲುವಾದರು. ಸಂಬಳ ಹಾಸನದ ಲೆಕ್ಕಕ್ಕೆ ಹೋಯಿತು, ನಮ್ಮ ಡೆಸ್ಕಿಗೆ ನೆಮ್ಮದಿ ಬಂತು.

ಇಲ್ಲಿ ನನ್ನ ತಂದೆಯವರ ವಿಷಯವನ್ನೂ ಹೇಳಬೇಕು, ಏಕೆಂದರೆ ತಪ್ಪಿನ ಬೇರು ಅಲ್ಲಿದೆ. ಅವರು ತಾಲೂಕು ಕಚೇರಿಯ ಗುಮಾಸ್ತರು. ಗುಂಡ್ಲುಪೇಟೆ, ಹುಣಸೂರು, ಮಳವಳ್ಳಿ ಎಂದು ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ. ಪ್ರತಿ ವರ್ಗದಲ್ಲೂ ಮನೆಯಲ್ಲಿ ಜಪದಂತೆ ಕೇಳುತ್ತಿದ್ದ ಮಾತು ಎಲ್‌ಪಿಸಿ. ಅಂತಿಮ ವೇತನ ಪ್ರಮಾಣಪತ್ರ. ಹಳೆಯ ಕಚೇರಿ ಇಲ್ಲಿಯವರೆಗೆ ಕೊಟ್ಟೆವು, ಇನ್ನು ನೀವು ಕೊಡಿ ಎಂದು ಹೊಸ ಕಚೇರಿಗೆ ಬರೆದುಕೊಡುವ ಒಂದು ಹಾಳೆ. ಅದು ಬಂದು ಮುಟ್ಟುವವರೆಗೆ ಸಂಬಳವಿಲ್ಲ. ಮುಟ್ಟಿದ ದಿನ ಅಮ್ಮ ಪಾಯಸ ಮಾಡುತ್ತಿದ್ದರು. ಹೀಗಾಗಿ ಮನುಷ್ಯ ಎಲ್ಲಿಗೆ ಹೋಗುತ್ತಾನೋ ಅವನ ಸಂಬಳವೂ ಅವನ ಹಿಂದೆ ಹೋಗುತ್ತದೆ ಎಂಬುದು ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟೇ ಖಚಿತ ಎಂದು ನಾನು ಬಾಲ್ಯದಿಂದ ನಂಬಿದ್ದೆ.

ಆದ್ದರಿಂದ ಕ್ವಾರ್ಟರ್‌ಬ್ಯಾಕ್‌ನನ್ನು ಬಿಟ್ಟುಕೊಡುವುದೆಂದು ತೀರ್ಮಾನಿಸಿದೆ. ನನ್ನ ಲೆಕ್ಕ ಸರಳವಾಗಿತ್ತು. ಉಳಿದ ಆಟಗಾರರಿಗೆ ಎಂಬತ್ತು, ಇವನಿಗೆ ಇಪ್ಪತ್ತು, ಒಟ್ಟು ನೂರು. ಇವನು ಹೋದರೆ ಇಪ್ಪತ್ತು ಮಿಗುತ್ತದೆ. ಅದರಲ್ಲಿ ನಗುಮುಖದ ಇನ್ನೊಬ್ಬನನ್ನು ಕೊಳ್ಳಬಹುದು. ಪ್ರದೀಪನ ತಂಡ ಆಗ ಕೊನೆಯ ಸ್ಥಾನದಲ್ಲಿತ್ತು. ಅವನು ಕೂಡಲೇ ಒಪ್ಪಿದ. ಬದಲಿಗೆ ಮುಂದಿನ ವರ್ಷದ ಹರಾಜಿನಲ್ಲಿ ತನ್ನ ಸರದಿಯನ್ನು ನನಗೆ ಕೊಡುತ್ತೇನೆ ಎಂದ. ಹಿಂದೆ ಬಿದ್ದ ತಂಡಕ್ಕೆ ಮೊದಲ ಸರದಿ, ಆದ್ದರಿಂದ ಅದು ಬೆಲೆಬಾಳುವಂಥದ್ದು ಎಂದೂ ವಿವರಿಸಿದ. ನಾನು ಅವಸರ ಮಾಡಲಿಲ್ಲ, ನಿಯಮದಂತೆ ಎರಡು ಕಡೆ ವಿಚಾರಿಸಿದೆ. ಡೆಕ್ಲನ್‌ನನ್ನು ಕೇಳಿದರೆ ಗ್ರ್ಯಾಂಡ್, ಅಂದರೆ ಎಲ್ಲ ಸರಿ, ಎಂದ. ಮಗಳು ನಿಧಿಯನ್ನು ಕೇಳಿದರೆ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ, “ಗ್ರ್ಯಾಂಡ್, ಅಪ್ಪಾ,” ಎಂದಳು. ಈ ದೇಶದಲ್ಲಿ ಕೇಳಿದ್ದು ಕಿವಿಗೆ ಬಿದ್ದಿಲ್ಲದಿದ್ದರೂ ಗ್ರ್ಯಾಂಡ್ ಎನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಎರಡು ಮೂಲಗಳು ಅಕ್ಷರಶಃ ಒಂದೇ ಮಾತು ಹೇಳಿದ್ದವು. ಡೆಸ್ಕಿನಲ್ಲಿ ಇದಕ್ಕಿಂತ ಹೆಚ್ಚಿನ ದೃಢೀಕರಣವಿಲ್ಲ.

ಆ ಮಧ್ಯಾಹ್ನವೇ ಒಂದು ಎಲ್‌ಪಿಸಿ ಟೈಪ್ ಮಾಡಿದೆ. ‘ಸದರಿಯವರು ಈ ದಿನ ಅಪರಾಹ್ನ ನಮ್ಮ ತಂಡದಿಂದ ಬಿಡುಗಡೆ ಹೊಂದಿದ್ದು, ಇನ್ನು ಮುಂದೆ ಇವರ ವೇತನವನ್ನು ತಮ್ಮ ತಂಡವೇ ಭರಿಸತಕ್ಕದ್ದು.’ ಪ್ರದೀಪನ ತಾಯಿ ಸರ್ಕಾರಿ ಶಾಲೆಯ ಶಿಕ್ಷಕಿ, ಅವನಿಗೆ ಈ ಕಾಗದ ಹೊಸದಲ್ಲ. ನಗುತ್ತಾ ‘ಸ್ವೀಕರಿಸಿದೆ’ ಎಂದು ಬರೆದು ಸಹಿ ಹಾಕಿ, ತನ್ನ ಮೇಜಿನ ಮುಂದೆ ಪಿನ್ ಚುಚ್ಚಿಕೊಂಡ. ಅವನು ಅದನ್ನು ತಮಾಷೆ ಎಂದುಕೊಂಡಿದ್ದ.

ಸೋಮವಾರ ಕಂಪ್ಯೂಟರ್ ತೆರೆದರೆ ನನ್ನ ತಂಡದ ಹೆಸರು ಕೆಂಪಾಗಿತ್ತು. ಮಿತಿಗಿಂತ ಇಪ್ಪತ್ತೆಂಟು ನಾಣ್ಯ ಹೆಚ್ಚು ಎಂದಿತ್ತು. ಮುದ್ರಾದೋಷ ಎಂದು ಭಾವಿಸಿ ಡೆಕ್ಲನ್‌ಗೆ ಬರೆದೆ. ದೋಷವಲ್ಲ, ಅದು ಸತ್ತ ಹಣ ಎಂದು ಉತ್ತರ ಬಂತು. ಯಾರು ಸತ್ತರು ಎಂದು ಮತ್ತೆ ಬರೆದೆ. ಅವನು ನನ್ನ ಮೇಜಿನ ಬಳಿಗೇ ಬಂದು ಪಬ್ಬಿನ ಉದಾಹರಣೆ ಕೊಟ್ಟು ವಿವರಿಸಿದ. ನೀನು ಎಲ್ಲರಿಗೂ ಕೊಡಿಸುತ್ತೀ, ಒಬ್ಬ ಕುಡಿದು ಬೇರೆ ಮೇಜಿಗೆ ಹೋಗಿ ಕೂರುತ್ತಾನೆ, ಆದರೂ ಬಿಲ್ಲು ನಿನ್ನ ಮೇಜಿಗೇ ಬರುತ್ತದೆ, ಹೀಗೆ ಏನೋ. ನಾನು ಕುಡಿಯುವವನಲ್ಲ, ನಾಲ್ಕು ಜನಕ್ಕೆ ಕೊಡಿಸಿದವನೂ ಅಲ್ಲ. ಉದಾಹರಣೆ ನನ್ನ ಮೇಲೆ ಕೆಲಸ ಮಾಡಲಿಲ್ಲ.

ಮನೆಗೆ ಬಂದು ಮಗಳನ್ನು ಕೇಳಿದೆ. ಅವಳಿಗೆ ಹದಿಮೂರು ವರ್ಷ. ಕನ್ನಡದಲ್ಲಿ ಕೇಳಿದ್ದಕ್ಕೆ ಐರಿಷ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನಗಾಗಿ ಮನಸ್ಸು ಮಾಡಿ ಆಗಾಗ ಎರಡನ್ನೂ ಬೆರೆಸುತ್ತಾಳೆ.

“ಅವನು ಈಗ ಯಾರ ತಂಡದಲ್ಲಿದ್ದಾನೆ ಪುಟ್ಟಾ?”

“ಪ್ರದೀಪ್ ಅಂಕಲ್ ಟೀಮ್.”

“ಹಾಗಾದರೆ ಅವರೇ ತಾನೆ ಕೊಡಬೇಕು?”

“ಸ್ಯಾಲರಿ ಅವ್ರು ಕೊಡ್ತಾರೆ. ಬೋನಸ್ ನಿಮ್ದು.”

“ಬೋನಸ್ ನಾನು ಹೋದ ವರ್ಷವೇ ಕೊಟ್ಟಾಯಿತಲ್ಲ?”

“ಯೆಸ್. ಅದಕ್ಕೇ ಈಗ ನಿಮ್ ಮೇಲೆ ಬಂದಿರೋದು.”

ಕೊಟ್ಟಿರುವುದರಿಂದಲೇ ಕೊಡಬೇಕು ಎಂಬ ಈ ವಾಕ್ಯವನ್ನು ನಾನು ಮೂರು ಸಲ ಮನಸ್ಸಿನಲ್ಲಿ ತಿದ್ದಿ ನೋಡಿದೆ. ವ್ಯಾಕರಣ ಸರಿಯಾಗಿತ್ತು.

ಒಲೆಯ ಮುಂದೆ ನಿಂತಿದ್ದ ಸುಮನಾ ಇಷ್ಟು ಹೊತ್ತು ಬಾಯಿ ಹಾಕಿರಲಿಲ್ಲ. ಇಡೀ ದಿನ ಬಜೆಟ್ ನೋಡುವವಳನ್ನು ಬಿಟ್ಟು ನಾನು ಊರನ್ನೆಲ್ಲ ಕೇಳುತ್ತಿದ್ದೇನೆ ಎಂಬುದು ಅವಳಿಗೆ ಹಿಡಿಸಿರಲಿಲ್ಲವೆಂದು ಕಾಣುತ್ತದೆ. ಸೌಟು ಕೆಳಗಿಟ್ಟು ಕಿಟಕಿಯ ಕಡೆ ನೋಡಿದಳು. ಹೊರಗೆ ನಮ್ಮ ಪಕ್ಕದ ಮನೆಯ ಮಿಕ್ ತನ್ನ ನಾಯಿಯೊಂದಿಗೆ ಹೋಗುತ್ತಿದ್ದ.

“ಮಿಕ್ ಏನು ಹಾಕ್ಕೊಂಡಿದಾರೆ ನೋಡ್ರಿ,” ಎಂದಳು.

ಅವನು ಹಾಕಿಕೊಂಡಿದ್ದುದು ನನ್ನ ಕೋಟು. ಬಂದ ಮೊದಲ ವರ್ಷ ನಾನೇ ಹಟ ಮಾಡಿ ಕೊಂಡ ಕಡುನೀಲಿ ಉಣ್ಣೆಯ ಕೋಟು. ಬೆಲೆ ನೋಡಿ ಸುಮನಾ ಬೇಡವೆಂದಾಗ, ಇದು ಐದು ಚಳಿಗಾಲ ಬರುತ್ತದೆ, ಈ ವರ್ಷದ ಲೆಕ್ಕಕ್ಕೆ ಇದರ ಐದನೇ ಒಂದು ಪಾಲು ಮಾತ್ರ ಬರೆದುಕೋ ಎಂದು ನಾನೇ ವಾದಿಸಿದ್ದೆ. ಒಂದು ಚಳಿಗಾಲ ಹಾಕಿದೆ. ಒದ್ದೆ ಕಂಬಳಿ ಹೊತ್ತಂತೆ ಭಾರ; ಅದನ್ನು ಹಾಕಿಕೊಂಡು ಕೈ ಮೇಲೆತ್ತಿ ಟ್ರ್ಯಾಮಿನ ಹಿಡಿ ಹಿಡಿಯಲು ಆಗುತ್ತಿರಲಿಲ್ಲ. ಮರುವರ್ಷ, ನಮ್ಮ ಬಾಯ್ಲರ್ ಸರಿಮಾಡಿಕೊಟ್ಟ ಮಿಕ್‌ಗೆ ಕೃತಜ್ಞತೆಯಿಂದ ಕೊಟ್ಟುಬಿಟ್ಟೆ. ಮಿಕ್ ನಿವೃತ್ತ ಬಸ್ ಚಾಲಕ. ಅವತ್ತಿನಿಂದ ಆ ಕೋಟಿನಲ್ಲಿ ಮಂತ್ರಿಯಂತೆ ಓಡಾಡುತ್ತಾನೆ.

“ದುಡ್ಡು ಅಂಗಡಿಗೆ ಹೋಗಿದ್ದು ಮೊದಲ ದಿನಾನೇ,” ಎಂದಳು ಸುಮನಾ. “ಐದು ವರ್ಷಕ್ಕೆ ಹಂಚ್ಕೊಂಡಿದ್ದು ಬರೀ ನಮ್ಮ ಸಮಾಧಾನಕ್ಕೆ. ಕೋಟು ಮನೇಲಿ ಇದ್ದಿದ್ರೆ ವರ್ಷಾ ವರ್ಷಾ ಒಂದೊಂದು ಪಾಲು ಬರ್ಕೋಬಹುದಿತ್ತು. ಕೊಟ್ಟುಬಿಟ್ರಿ. ಉಳಿದ ನಾಲ್ಕು ಪಾಲು ಎಲ್ಲಿಗೆ ಹೋಗ್ಬೇಕು? ಮಿಕ್‌ನ ಕೇಳೋಕಾಗತ್ತಾ? ಒಂದೇ ಸಲ ನಮ್ಮ ತಲೆ ಮೇಲೇ ಬೀಳತ್ತೆ. ನಿಮ್ಮ ಆಟಗಾರನ ಬೋನಸ್ಸೂ ಹಾಗೇ. ಹನ್ನೆರಡು ನಾಲ್ಕಲಿ ಎಷ್ಟು?”

ನಲವತ್ತೆಂಟು. ಎಂಬತ್ತಕ್ಕೆ ನಲವತ್ತೆಂಟು ಸೇರಿದರೆ ನೂರ ಇಪ್ಪತ್ತೆಂಟು. ಒಂದು ಕ್ಷಣ ಎಲ್ಲ ತಿಳಿಯಾಯಿತು. ಆದರೆ ಹಾಗಾದರೆ ಕ್ವಾರ್ಟರ್‌ಬ್ಯಾಕ್ ಎಂದರೆ ಕೋಟೋ ಮಿಕ್ಕೋ, ಪ್ರದೀಪ ಮಿಕ್ಕಾದರೆ ನಾಯಿ ಯಾರು ಎಂದು ಯೋಚಿಸತೊಡಗಿದ್ದೇ ಮತ್ತೆ ಕಲಸಿಹೋಯಿತು.

ಮರುದಿನ ಪ್ರದೀಪನ ಮೇಜಿಗೆ ಹೋಗಿ, ಇಂಥ ನಿಯಮವಿದೆ ಎಂದು ನನಗೆ ಹೇಳಬಾರದಿತ್ತೇ ಎಂದು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ ಎನ್ನಬೇಕು. ಅವನು ನಿಜಕ್ಕೂ ಗಲಿಬಿಲಿಗೊಂಡು ನನ್ನನ್ನೇ ನೋಡಿದ.

“ಸಾರ್, ಮೂರನೇ ಪೇಜಲ್ಲಿ ಐತಲ್ಲ. ನವೆಂಬರ್ ಒಂದರ ಮೇಲೆ ಕೊಟ್ಟಿದ್ರೆ ಎರಡು ವರ್ಷಕ್ಕೆ ಹಂಚೋದು, ಈ ವರ್ಷ ಬರೀ ಇಪ್ಪತ್ನಾಕು ಬೀಳೋದು. ಹದಿನೈದು ದಿನ ಮುಂಚೆ ಕೊಟ್ರಲ್ಲ, ಇವ್ರದ್ದೇನೋ ದೊಡ್ಡ ಪ್ಲಾನ್ ಐತೆ ಅಂತ ನಾವೆಲ್ಲ ಹೆದರ್ಕೊಂಡಿದ್ವಿ.” ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಸೇರಿಸಿದ: “ಆ ಪೇಜ್ ಬರ್ದಿದ್ದೇ ನೀವಲ್ವಾ ಸಾರ್?”

ಮೂರನೆಯ ಪುಟ ತೆರೆದೆ. ಡೆಕ್ಲನ್‌ನ ಏಳು ಸಾಲಿನ ವಾಕ್ಯವನ್ನು ನಾನು ಮೂರು ಚಿಕ್ಕ ವಾಕ್ಯಗಳಾಗಿ ಒಡೆದಿದ್ದೆ. ಹೈಸ್ಕೂಲಿನ ಹುಡುಗರಿಗೂ ಅರ್ಥವಾಗುವಂತಿತ್ತು. ಒಂದು ಅಲ್ಪವಿರಾಮವನ್ನು ನಾನು ಎಷ್ಟು ಯೋಚಿಸಿ ಕೂರಿಸಿದ್ದೆ ಎಂಬುದು ಕೂಡ ನೆನಪಾಯಿತು.

ಮುಂದಿನದನ್ನು ವರದಿಯ ಕ್ರಮದಲ್ಲೇ ಹೇಳಿ ಮುಗಿಸಬಹುದು. ಇಪ್ಪತ್ತೆಂಟು ನಾಣ್ಯ ಇಳಿಸಲು ಬೋನಸ್ ಇಲ್ಲದೆ ಕೊಂಡಿದ್ದ ನನ್ನ ಅತ್ಯುತ್ತಮ ಓಟಗಾರರಿಬ್ಬರನ್ನು ಕೈಬಿಡಬೇಕಾಯಿತು. ಅಲ್ಲಿ ಇಲ್ಲಿ ಮಿಗಿಸಿದ ಮೇಲೆ ಒಂದೇ ಒಂದು ನಾಣ್ಯ ಉಳಿಯಿತು. ಅದಕ್ಕೆ ಸಿಕ್ಕ ಕ್ವಾರ್ಟರ್‌ಬ್ಯಾಕ್ ಅಮೆರಿಕದ ಯಾವುದೋ ತಂಡದಲ್ಲಿ ಮೂರನೆಯ ಬದಲಿ ಆಟಗಾರ. ಇಡೀ ಋತು ಮೈದಾನದ ಅಂಚಿನಲ್ಲಿ ಕಾಗದ ಸಿಕ್ಕಿಸಿದ ಒಂದು ರಟ್ಟು ಹಿಡಿದು ನಿಂತಿದ್ದ. ಅವನ ಮೇಲೆ ನನಗೆ ಅಕ್ಕರೆ ಹುಟ್ಟಿತು, ಅಂಕ ಹುಟ್ಟಲಿಲ್ಲ. ಮುನಿಸಿಕೊಂಡಿದ್ದ ನಮ್ಮ ಹಳೆಯವನಿಗೂ ಅವನ ಕೋಚಿಗೂ ಎರಡೇ ವಾರದಲ್ಲಿ ರಾಜಿಯಾಯಿತು. ಅವನು ಎಲ್ಲಿಗೂ ಹೋಗಲೇ ಇಲ್ಲ, ಅಲ್ಲೇ ಇದ್ದುಕೊಂಡು ಅಮೋಘವಾಗಿ ಆಡತೊಡಗಿದ. ಸ್ಯಾಂಡಿಫರ್ಡ್‌ನಲ್ಲಿ ಕುಳಿತ ಒಬ್ಬ ಮೈಸೂರಿನವನು ತನ್ನನ್ನು ವಿಜಯನಗರದವನ ತಂಡಕ್ಕೆ ವರ್ಗ ಮಾಡಿರುವುದು ಅವನಿಗೆ ತಿಳಿಯುವ ಬಗೆ ಇರಲಿಲ್ಲ. ಪ್ರದೀಪನ ತಂಡ ಹತ್ತರಿಂದ ಎರಡಕ್ಕೆ ಏರಿತು, ನನ್ನದು ಹತ್ತಕ್ಕೆ ಇಳಿಯಿತು. ಅವನದು ಏರಿದ್ದರಿಂದ ಮುಂದಿನ ವರ್ಷದ ಅವನ ಸರದಿ, ಅಂದರೆ ಈಗ ನನ್ನದಾದ ಸರದಿ, ಮೊದಲನೆಯದರಿಂದ ಒಂಬತ್ತನೆಯದಾಯಿತು. ಪ್ರತಿ ಸೋಮವಾರವೂ ನಾನು ಇದನ್ನೆಲ್ಲ ತಟಸ್ಥವಾಗಿ ದಾಖಲಿಸಿದೆ. ಎಂದಾದರೂ ತಪ್ಪಾದಾಗ ನಮ್ಮ ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ತಿದ್ದುಪಡಿ ಹಾಕುತ್ತಿದ್ದೆವು. ಅದೇ ಪದ್ಧತಿಯಂತೆ, ಇಪ್ಪತ್ತು ನಾಣ್ಯ ಉಳಿತಾಯ ಎಂದು ಹಿಂದೊಮ್ಮೆ ವರದಿಯಾಗಿದ್ದುದನ್ನು ಇಪ್ಪತ್ತೆಂಟು ನಾಣ್ಯ ಕೊರತೆ ಎಂದು ಓದಿಕೊಳ್ಳಬೇಕು ಎಂದು ಅಡಿಯಲ್ಲಿ ಹಾಕಿದೆ. ಕಚೇರಿಯಲ್ಲಿ ಆ ಋತುವಿನಲ್ಲಿ ಎಲ್ಲರೂ ಮೆಚ್ಚಿಕೊಂಡ ನನ್ನ ಬರಹ ಅದೊಂದೇ.

ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಡನ್ ಲೀರಿಯಲ್ಲಿ ಬಿಸಿಲಿತ್ತು. ಈ ದೇಶದ ಚಳಿಗಾಲದ ಬಿಸಿಲು ನೋಡಲು ಮಾತ್ರ. ಲೀಗಿನವರೆಲ್ಲ ಬಂದಿದ್ದರು. ಸುಮನಾಳಿಂದ ವಿಷಯ ತಿಳಿದ ಮಿಕ್ ತಾನೇ ಕಾರಿನಲ್ಲಿ ನಮ್ಮನ್ನು ಕರೆತಂದಿದ್ದ. ನೀರಿನಲ್ಲಿ ಎಪ್ಪತ್ತು ದಾಟಿದ ಇಬ್ಬರು ಅಜ್ಜಿಯರು ಆರಾಮವಾಗಿ ಈಜುತ್ತಾ ಯಾರದೋ ಮದುವೆಯ ವಿಷಯ ಮಾತನಾಡುತ್ತಿದ್ದರು. ಅವರಲ್ಲೊಬ್ಬರು ನನಗೆ, ಇಳಿಯಪ್ಪ, ಒಳಗೆ ಬಂದರೆ ಗ್ರ್ಯಾಂಡ್ ಆಗಿರುತ್ತದೆ ಎಂದರು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಪ್ರದೀಪ, “ಸಾರ್, ಬೇಕಿದ್ರೆ ಐದು ವರ್ಷಕ್ಕೆ ಹಂಚ್ಕೊಳ್ಳಿ, ವರ್ಷಕ್ಕೆ ಮೊಣಕಾಲಷ್ಟು,” ಎಂದು ಕೂಗಿದ. ಆಮೇಲೆ ನಡೆದದ್ದಕ್ಕೆ ನಾನು ವಿಶ್ವಾಸಾರ್ಹ ಸಾಕ್ಷಿಯಲ್ಲ. ಕುತ್ತಿಗೆಯವರೆಗೆ ಮುಳುಗಿದೆ. ಉಸಿರು ಎಲ್ಲಿಗೋ ಹೋಯಿತು. ಹನ್ನೊಂದು ಸೆಕೆಂಡ್ ಇದ್ದೆ ಎಂದು ನನ್ನ ಅಂದಾಜು. ನಿಧಿ ತೆಗೆದ ವಿಡಿಯೊ ನಾಲ್ಕು ಎನ್ನುತ್ತದೆ.

ಮೇಲೆ ಬಂದಾಗ ಹಲ್ಲುಗಳು ತಾವಾಗಿ ಕಟಕಟ ಎನ್ನುತ್ತಿದ್ದವು. ಸುಮನಾ ಟವೆಲ್ ಹುಡುಕುತ್ತಿದ್ದಳು. ಅಷ್ಟರಲ್ಲಿ ಮಿಕ್ ತನ್ನ ಕೋಟು, ಅಂದರೆ ನನ್ನ ಕೋಟು, ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದ. ಅವನ ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು. ಆ ಕೋಟು ಎಷ್ಟು ಒಳ್ಳೆಯದು ಎಂದು ಕೊಂಡ ಮೇಲೆ ಮೊದಲ ಸಲ ನನಗೆ ತಿಳಿಯಿತು. ನಡುಗುವ ದನಿಯಲ್ಲೇ, ಇದನ್ನು ದಿನವೂ ಹೊತ್ತು ತಿರುಗುತ್ತೀಯಲ್ಲ, ಭಾರ ಅನ್ನಿಸುವುದಿಲ್ಲವೇ ಎಂದು ಕೇಳಿದೆ.

ದಿನವೂ ಎಲ್ಲಿ, ಎಂದ ಮಿಕ್. ಒಳಗಿನ ಉಣ್ಣೆಯ ಪದರಕ್ಕೆ ಜಿಪ್ ಇದೆ. ತಂದ ಮೊದಲ ವಾರವೇ ಬಿಚ್ಚಿ ಬೀರುವಿನಲ್ಲಿಟ್ಟೆ, ಹೀಗಾದರೆ ಗರಿಯಷ್ಟು ಹಗುರ, ಇವತ್ತು ನಿನ್ನ ಸಲುವಾಗಿ ಮತ್ತೆ ಹಾಕಿಕೊಂಡು ಬಂದೆ. ನಾನು ಮರಗಟ್ಟಿದ ಬೆರಳುಗಳಿಂದ ಅಂಚನ್ನು ತಡವಿದೆ. ಜಿಪ್ ಇತ್ತು. ಇದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಮಿಕ್ ಕಾಲರ್ ಮಡಿಸಿ ತೋರಿಸಿದ. ಒಳಗೆ ಹೊಲಿದ ಬಟ್ಟೆಯ ಚೀಟಿಯಲ್ಲಿ, ಒಳಪದರವನ್ನು ಹೇಗೆ ಬಿಚ್ಚಬೇಕೆಂದು ಮೂರು ಚಿಕ್ಕ ವಾಕ್ಯಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಸುಮನಾ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳೂ ಚೀಟಿ ಓದಿದಳು. ಎರಡನೆಯ ವಾಕ್ಯದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂಬುದನ್ನು ನಾನು ಗಮನಿಸಿದೆ.